ಹದಿನಾಲ್ಕು ಸಿ

ಶಾಹೀನಾ, ಐಸ್ ಬಾಕ್ಸಿನ ಮುಚ್ಚಳ ಮೊದಲು ಹಾಕು.
ನನ್ನ ಕಥೆಗೆ ಲಸಿಕೆ ಕಾಯಲ್ಲ.

ಹೂಂ, ವಿಮಾನದಲ್ಲೇ. ದೆಹಲಿಯಿಂದ ಬರುವಾಗ.
ತಂಗಿ ಮಗಳು ಕಿಟಕಿ ಸೀಟು ಹಿಡಿದು ಕೊಟ್ಟಿದ್ದಳು.
"ದೊಡ್ಡಮ್ಮ, ಇಳಿಯೋ ಮುಂಚೆ ಕೆಳಗೆ ನೋಡ್ತಿರು,
ಅಂಬಾಜಿದುರ್ಗ ಕಾಣತ್ತೆ, ಪುಣ್ಯ ಇದ್ದರೆ
ನಿನ್ನ ಬಟ್ಲಹಳ್ಳಿ ಸಬ್‌ಸೆಂಟರಿನ ಶೀಟೂ."

ಕೋಡುಬಳೆ ಪೊಟ್ಟಣ ಬಿಚ್ಚಿದ್ದೆ ಅಷ್ಟೆ.
ಡಾಕ್ಟರು ಯಾರಾದರೂ ಇದ್ದೀರಾ
ಅಂತ ಮೇಲಿಂದ ಕೇಳಿದರು.
ನೂರೆಂಬತ್ತು ತಲೆ. ಒಂದೂ ಏಳಲಿಲ್ಲ.
ನಾನೂ ಏಳಲಿಲ್ಲ, ಸುಳ್ಳು ಯಾಕೆ ಹೇಳಲಿ?
ಮೂವತ್ತೆರಡು ವರ್ಷ, ಡಾಕ್ಟರು ಬರಲಿ ಅಂತ
ಕಾದು ಕಾದು ಅದೇ ರೂಢಿ.
ಎರಡನೇ ಸಲ ಕೂಗಿದಾಗ
ಬೆಲ್ಟು ಹೇಗೆ ಬಿಚ್ಚಿದೆನೋ ಗೊತ್ತಿಲ್ಲ.

ಹದಿನಾಲ್ಕು ಸಿ. ಐವತ್ತರ ಆಸುಪಾಸಿನ ಗಂಡಸು.
ಕತ್ತು ವಾಲಿತ್ತು, ಅಂಗಿ ತೊಯ್ದಿತ್ತು,
ಮೈ ನೀರಿನ ಮಡಕೆಯ ಹಾಗೆ ತಣ್ಣಗೆ.
ಪಕ್ಕದಲ್ಲಿ ಹೆಂಡತಿ, ಅವರ ಭಾಷೆಯಲ್ಲಿ ಅಳು.
ನನಗೆ ಬರೋದು ಕನ್ನಡ, ತೆಲುಗು.
"ಶುಗರ್?" ಅಂದೆ. "ಶುಗರ್, ಶುಗರ್" ಅಂದಳು,
ತನ್ನ ಹೊಟ್ಟೆಗೆ ಸೂಜಿ ಚುಚ್ಚೋ ಹಾಗೆ ತೋರಿಸಿದಳು,
ಆಮೇಲೆ ಬರಿಗೈ ಬಾಯಿಗೊಯ್ದು ಇಲ್ಲ ಅಂತ ಆಡಿಸಿದಳು.
ಸೂಜಿ ಆಗಿದೆ. ಊಟ ಆಗಿಲ್ಲ.
ಇಷ್ಟಕ್ಕೆ ಯಾವ ವ್ಯಾಕರಣ ಬೇಕು ಹೇಳು.

ನಡುದಾರಿಯಲ್ಲೇ ಎಳೆದು ಮಲಗಿಸಿದೆವು, ಎಡಮಗ್ಗುಲಿಗೆ.
ಗಗನಸಖಿ ಚಿಕ್ಕ ಹುಡುಗಿ, ಎದೆಯ ಮೇಲೆ ಬಾರ್ನಾಲಿ ಅಂತ ಹೆಸರು,
ಕೈ ನಡುಗುತ್ತಿದ್ದರೂ ಆಕ್ಸಿಜನ್ ಸರಿಯಾಗಿ ಕಟ್ಟಿದಳು.
ಔಷಧಿ ಪೆಟ್ಟಿಗೆಗೆ ಮಾತ್ರ ಸೀಲು.
"ಮೇಡಂ, ಡಾಕ್ಟರ್ ಸರ್ಟಿಫಿಕೇಟ್?"
ನನ್ನ ಪರ್ಸಲ್ಲಿದ್ದದ್ದು ಚಿಂತಾಮಣಿ ಬಸ್ಸಿನ ಟಿಕೆಟ್ಟು,
ಹಳೇ ಇಲಾಖೆ ಕಾರ್ಡು, ಅದರಲ್ಲಿ ಕಪ್ಪು ಜಡೆಯ ನಾನು.
ಅವಳು ಒಳಗೆ ಕೇಳಿಕೊಂಡು ಬರಲಿ ಅಂತ ಕೂರಲಿಲ್ಲ.
ಟೀಗೆ ಕೊಡೋ ಸಕ್ಕರೆ ಚೀಟಿ ತರಿಸಿ
ಬೆರಳು ಒದ್ದೆ ಮಾಡಿ, ಕೆನ್ನೆ ಒಳಗೆ, ಒಸಡಿಗೆ ತಿಕ್ಕಿದೆ.
ಕುಡಿಸಬಾರದು, ನೆನಪಿರಲಿ. ತಿಕ್ಕಬೇಕು. ಸ್ವಲ್ಪ ಸ್ವಲ್ಪ.

ಪೆಟ್ಟಿಗೆ ಬಂತು. ಬಿಪಿ ನೋಡೋಣ ಅಂದರೆ
ಕಿವಿಗಿಟ್ಟ ಸ್ಟೆತಸ್ಕೋಪಲ್ಲಿ ಹಿಟ್ಟಿನ ಗಿರಣಿಯ ಸದ್ದು.
ತೆಗೆದು ಪಕ್ಕಕ್ಕಿಟ್ಟೆ. ಮೂರು ಬೆರಳು ಮಣಿಕಟ್ಟಿಗೆ.
ಕರೆಂಟಿಲ್ಲದ ರಾತ್ರಿ ಬಾಣಂತಿಯರ ಕೈ ಹಿಡಿದು ಕಲಿತದ್ದು,
ಮೇಲಿನ ಅಂಕಿಯಾದರೂ ಬೆರಳಿಗೆ ಸಿಕ್ಕೇ ಸಿಗತ್ತೆ.

ಆಗ ಬಾರ್ನಾಲಿ ಕಿವಿಯ ಹತ್ತಿರ ಬಗ್ಗಿ, ಸನ್ನೆ, ಹರುಕು ಹಿಂದಿ:
ಪೈಲಟ್ಟು ಕೇಳ್ತಿದಾರೆ,
ನಾಗಪುರದಲ್ಲಿ ಇಳಿಸಬೇಕಾ, ಮುಂದೆ ಹೋಗಬಹುದಾ?

ಶಾಹೀನಾ, ನಗಬೇಡ.
ಮಂಚ ಹಾಕಿಸಬೇಕಾ ಅಂತ ಕೂಡ
ನನ್ನನ್ನ ಯಾರೂ ಕೇಳಿದವರಲ್ಲ ಇಲಾಖೇಲಿ.
ಅಷ್ಟು ದೊಡ್ಡ ಲೋಹ, ಅಷ್ಟು ಜನ,
ನನ್ನ ಬಾಯಿ ನೋಡ್ತಾ ನಿಂತಂಗಿತ್ತು.
ಹಿಂದಿನಿಂದ ಯಾರೋ, ನನಗೆ ಬೆಂಗಳೂರಲ್ಲಿ ಇನ್ನೊಂದು ವಿಮಾನ ಇದೆ ಅಂದರು.
ನನಗೆ ಮುನಿನಂಜಮ್ಮನ ಮಗು ನೆನಪಾಯ್ತು.
ಟ್ರ್ಯಾಕ್ಟರಿಗೆ ಹಾಕೋದಾ, ಇಲ್ಲೇ ನೋಡೋದಾ ಅಂತ
ನಾನು ಅರ್ಧ ಗಂಟೆ ಯೋಚಿಸಿದ ಆ ರಾತ್ರಿ.
ಅದನ್ನ ಇಲ್ಲಿ ಹೇಳಲ್ಲ.

"ಹತ್ತು ನಿಮಿಷ" ಅಂದೆ, ಬೆರಳಲ್ಲಿ ತೋರಿಸಿದೆ.
"ಕಣ್ಣು ಬಿಡದಿದ್ದರೆ ಇಳಿಸಿ."

ಏಳನೇ ನಿಮಿಷಕ್ಕೆ ನನ್ನ ಬೆರಳು ಕಚ್ಚಿದ.
ಅಷ್ಟು ಖುಷಿ ಯಾವ ಪ್ರಶಸ್ತಿಯೂ ಕೊಟ್ಟಿರಲಿಕ್ಕಿಲ್ಲ.
ಆಮೇಲೆ ಜ್ಯೂಸು, ನನ್ನ ಕೋಡುಬಳೆ, ಅವನ ಹೆಂಡತಿಯ ಬೈಗುಳ.

ಊರು ಕಂಡಿತಾ ಅಂತೀಯ.
ಇಲ್ಲ. ಇಳಿಯುವವರೆಗೂ ಪಕ್ಕದಲ್ಲೇ ಕೂತು
ಅವನ ಉಗುರು ನೋಡ್ತಿದ್ದೆ,
ದೋರೆಗಾಯಿ ಟೊಮೇಟೊ ಹಾಗೆ
ತೊಟ್ಟಿನ ಕಡೆಯಿಂದ ಮೆಲ್ಲಗೆ ಕೆಂಪಾಗ್ತಿತ್ತು.
ಅಂಬಾಜಿದುರ್ಗ ಅಷ್ಟರಲ್ಲಿ ಹಿಂದಾಗಿರಬೇಕು.
ಹೆಸರೂ ಕೇಳಲಿಲ್ಲ. ಗಾಲಿ ಕುರ್ಚೀಲಿ ಹೊತ್ತೊಯ್ದರು.

ಸರಿ, ಕರಿ ಆ ಹಸಿರು ಲಂಗದ ಮಗೂನ.
ತೊಡೆ ಬಿಗಿಯಾಗಿ ಹಿಡಿಯೋಕೆ ಅವ್ವನಿಗೆ ಹೇಳು.